ಹದಿನಾರು ಔನ್ಸ್

ಮೂವತ್ತೊಂದು ವರ್ಷದಿಂದ ಬಂದವರಿಗೆಲ್ಲ
ಒಂದೇ ಮಾತು ಹೇಳಿದ್ದೇನೆ:
ಹದಿನಾರಕ್ಕಿಂತ ಕಡಿಮೆ ಬೇಡ.
ಹತ್ತು ಔನ್ಸಿನದು ಉಡಲು ಹಗುರ, ನಿಜ,
ಹತ್ತು ನಿಮಿಷ ಕೂತೆದ್ದರೆ
ಹಿಂದಿನ ನೆರಿಗೆಯೆಲ್ಲ ಬೆಕ್ಕು ಮಲಗೆದ್ದ ಹಾಸಿಗೆ.
ಹದಿಮೂರು ಪರವಾಗಿಲ್ಲ, ರಾತ್ರಿಯಿಡೀ ಕುಣಿಯುವ ಹುಡುಗರಿಗೆ.
ಇಪ್ಪತ್ತೆರಡು ಪಲ್ಟನ್ನಿನದು,
ಒಳಗೆ ಯಾರೂ ಇಲ್ಲದೆಯೂ ನಿಂತೀತು.
ಹದಿನಾರು ಮಾತ್ರ
ನಡೆದರೆ ಬೀಸುತ್ತದೆ, ನಿಂತರೆ ತಾನೂ ನಿಲ್ಲುತ್ತದೆ,
ಮಳೆಗೆ ತೊಯ್ದರೂ ಮರ್ಯಾದೆ ಬಿಡುವುದಿಲ್ಲ.
ಮ್ಯಾಲೇಗಿನ ಗಾಳಿಗಂತೂ ಮೊದಲಿಂದ ನಾಚಿಕೆಯಿಲ್ಲ.

ಮಂಗಳವಾರ ಲಾಕ್ಲನ್ ಗಿಲಿಸ್ ಬಂದ.
ಬಾಗಿಲ ಗಂಟೆ ಕೇಳಿತು. ಬಂದದ್ದು ಯಾರೆಂದು
ಟೋಪಿ ತೆಗೆಯುವ ತನಕ ತಿಳಿಯಲಿಲ್ಲ.
ನಲವತ್ತು ವರ್ಷ ಹೆರಿಂಗಿನ ಬಲೆ ಎಳೆದ ಹೆಗಲು
ಕೋಟಿನೊಳಗೆ ಎಲ್ಲೋ ಕಳೆದುಹೋಗಿತ್ತು.
ಅಕ್ಟೋಬರಿನಲ್ಲಿ ಮುರ್ದೀನಾಳ ಮದುವೆ, ಅರಿಸೇಗಿನಲ್ಲಿ, ಎಂದ.
ಹಳೆಯ ಕಿಲ್ಟು ಜಾರುತ್ತದೆ, ಎಂದ.
ಆಸ್ಪತ್ರೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ,
ಅಳತೆಪಟ್ಟಿ ಎತ್ತಿತು:
ಸೊಂಟ ಇಪ್ಪತ್ತೊಂಬತ್ತು.
ಹಳೆಯ ಪುಸ್ತಕದಲ್ಲಿ, ಅವನದೇ ಮದುವೆಯ ವರ್ಷ,
ನನಗೆ ಸೂಜಿ ಹಿಡಿಯಲು ಕಲಿಸಿದ ಎಫಿಯ ಪೆನ್ಸಿಲಿನಲ್ಲಿ,
ಮೂವತ್ತೆಂಟು.

ಆಗ ನಾನು, ನಾನೇ,
ಹತ್ತರ ಥಾನು ಕೆಳಗಿಳಿಸಿದೆ.
ನೋಡು, ಈಗಿನ ನೇಯ್ಗೆ ಬೇರೆ, ಬಣ್ಣವೂ ಚೆಂದ, ಎಂದೆ.
ನುಣ್ಣಗಿತ್ತು ಸುಳ್ಳು, ಆ ಬಟ್ಟೆಯ ಹಾಗೇ.
ಅವನು ಅಂಚು ಹಿಡಿದು
ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿ, ಬಿಟ್ಟ.
ಎಂಟು ಗಜಕ್ಕೆ ಇದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ?
ಒಂದೂವರೆ ಪೌಂಡು.
ಮೂರು ಹೆರಿಂಗು, ಎಂದ. ಮೂರು ಹೆರಿಂಗು ಹೊರಲಾರೆನೆ?

ನಾನು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದೆ.

ವಾರವಾರ ತಕ್ಕಡಿ ಹತ್ತಿಸುತ್ತಾರೆ, ನರ್ಸು ಬರೆದುಕೊಳ್ಳುತ್ತಾಳೆ,
ವಾರವಾರ ನಾನು ಒಂದಿಷ್ಟು ಕಡಿಮೆ.
ಖಾಲಿ ದೋಣಿ ನೋಡಿದ್ದೀಯಲ್ಲ,
ಎಷ್ಟು ಸಣ್ಣ ಅಲೆಗೂ ಹೊಯ್ದಾಡುತ್ತದೆ.
ಆಗ ತಳಕ್ಕೆ ಕಲ್ಲು ಹೇರುತ್ತೇವೆ.
ಹುಡುಗಿ ನನ್ನ ತೋಳು ಹಿಡಿದು ನಡೆಯಬೇಕು,
ನಾನು ಅವಳದ್ದಲ್ಲ.
ಭಾರದ್ದೇ ಕೊಡು.

ಕೊಟ್ಟೆ ಎನ್ನುವುದು ಸುಲಭ.
ಸೊಂಟದ ಎಲುಬು ಎರಡು ಗೂಟ,
ಬಕಲು ಬೀಳುವ ಕಡೆ ಬರಿಯ ಚರ್ಮ.
ಕ್ಯಾನ್ವಾಸಿನ ಒಳಗೆ ನನ್ನ ಹಳೆಯ ಫ್ಲಾನೆಲ್ ಅಂಗಿ ಕತ್ತರಿಸಿ
ಎರಡು ಪದರ ಇಟ್ಟು ಹೊಲಿದೆ.
ಇಪ್ಪತ್ತೇಳು ನೆರಿಗೆ, ಎಳೆ ಎಣಿಸಿ,
ಚೌಕಕ್ಕೆ ಚೌಕ ಕೂಡಿಸಿ,
ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ
ಅಂಗಡಿ ತುಂಬ ಕುರಿಯ ವಾಸನೆ, ಸ್ವಲ್ಪ ವಿನಿಗರು.

ಒಳಹಾಸಿನಲ್ಲಿ ಎರಡು ಅಂಗುಲ ಮಡಿಸಿ ಬಿಡಬೇಕು,
ಎಫಿ ಹೇಳಿಕೊಟ್ಟದ್ದು:
ಗಂಡಸು ಇವತ್ತಲ್ಲ ನಾಳೆ ದಪ್ಪಗಾಗುತ್ತಾನೆ.
ಅವನಿಗೆ ಒಂಬತ್ತು ಬಿಟ್ಟೆ.
ಎಂಟು ಗಜಕ್ಕೆ ಅದು ಒದಗಲಿಲ್ಲ,
ಮೇಲೊಂದು ಕಾಲು ಗಜ ಬೇಕಾಯಿತು. ಲೆಕ್ಕಕ್ಕೆ ಬರೆಯಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಬಂದ,
ಇನ್ನೊಂದು ತೂತು ಒಳಕ್ಕೆ ಬಿಗಿದು ಉಟ್ಟ.
ಕನ್ನಡಿಯತ್ತ ನೋಡಲಿಲ್ಲ. ಕಿಟಕಿಯಾಚೆ ದೋಣಿಗಳ ಕಡೆ ಮುಖ ಮಾಡಿ
ಹಿಮ್ಮಡಿಯ ಮೇಲೆ ಒಂದು ಸುತ್ತು ತಿರುಗಿದ.
ನೆರಿಗೆ ಬೀಸಿತು, ಅವನು ನಿಂತ ಮೇಲೂ ಒಂದು ಕ್ಷಣ,
ಆಮೇಲೆ ತಾನಾಗಿ ಬಂದು ಕೂತಿತು.

ಇದು ಮೂರಲ್ಲ, ಎಂದ,
ಎರಡೂ ಕೈ ಸೊಂಟದ ಮೇಲಿಟ್ಟು ತೂಗಿ.
ಮೂರೂಕಾಲು.
ತಕ್ಕಡಿಗೆ ಬೆರಳು ಒತ್ತಿದ್ದೀಯ, ಹೆಂಗಸೇ.