ಇದ್ದರೂ

ಮೊದಲ ಸಲ ಹೋದದ್ದು ಮಧ್ಯಾಹ್ನ ಮೂರಕ್ಕೆ.
ತಪ್ಪು ನನ್ನದೇ.
ಗ್ರಿಮ್ಸ್‌ಬಿಯ ಆ ಬೀದಿಯಲ್ಲಿ ಕಾರು ನಿಲ್ಲಿಸಲು
ಜಾಗ ಸಿಗುವುದು ಆ ಹೊತ್ತಿಗೇ.
ಸಿರಿಲ್ ಮಂಬಿ, ಎಂಬತ್ತಮೂರು,
ಮೀನಿನ ಹರಾಜುಕಟ್ಟೆಯಲ್ಲಿ ನಲವತ್ತು ವರ್ಷ ತೂಕದವನು,
ಕಿಟಕಿ ಬದಿ ಕೂತು ಕಸ್ಟರ್ಡ್ ತಿನ್ನುತ್ತಿದ್ದ.
ಇವತ್ತು ಯಾವ ವಾರ, ಅಂದೆ.
‘ಕಾಡ್ ಮೀನು ಬರೋ ವಾರ.’
ಮಗಳು ಗ್ಲೆನಿಸ್ ಬಾಗಿಲಲ್ಲಿ ನಿಂತು
ತುಟಿಯಲ್ಲೇ ಉತ್ತರ ಹೇಳಿಕೊಡುತ್ತಿದ್ದಳು,
ಪರೀಕ್ಷೆಯಲ್ಲಿ ಪಕ್ಕದ ಬೆಂಚಿನವಳಂತೆ.

ಕಾನೂನು ಕೇಳುವುದು ನಾಲ್ಕೇ:
ತಿಳಿಯಿತೇ, ಮನಸ್ಸಿನಲ್ಲಿ ನಿಂತಿತೇ,
ತೂಗಿ ನೋಡಬಲ್ಲನೇ, ಹೇಳಬಲ್ಲನೇ.
ಕೊಳವೆ ಎಂದೆ. ಉಸಿರಿನ ಯಂತ್ರ ಎಂದೆ.
ತಲೆಯಾಡಿಸಿದ.
ಐದು ನಿಮಿಷ ಬಿಟ್ಟು ಮತ್ತೆ ಕೇಳಿದರೆ
‘ನೀವು ಹೊಸ ನರ್ಸಾ?’

ಪೆನ್ನು ‘ಇಲ್ಲ’ದ ಚೌಕದ ಕಡೆ ವಾಲಿತ್ತು.
ಕೋಟು ಕೈಗಿಡುತ್ತ ಗ್ಲೆನಿಸ್ ಅಂದಳು:
‘ಬೆಳಿಗ್ಗೆ ಅಪ್ಪ ಹೀಗಲ್ಲ.’
ಎಷ್ಟು ಬೆಳಿಗ್ಗೆ?
‘ಹರಾಜಿನ ಗಂಟೆ ಹೊಡೆಯೋದಕ್ಕೆ ಮುಂಚೆ.’

ನವೆಂಬರಿನ ಐದೂವರೆ. ಬೀದಿಯಿಡೀ ಕತ್ತಲು,
ಅವನ ಅಡುಗೆಮನೆಯಲ್ಲಿ ಮಾತ್ರ ದೀಪ.
ಗಡ್ಡ ಹೆರೆದಿದ್ದ. ಬೂಟು ಮಿರುಗುತ್ತಿತ್ತು.
‘ಗ್ಲೆನಿಸ್, ನೀನು ಆಚೆ ಇರು.
ತೂಗುವಾಗ ಮಾಲಿನವರು
ತಟ್ಟೆ ಹತ್ತಿರ ನಿಲ್ಲಬಾರದು.’

ವಾರ ಆಗಲೂ ತಪ್ಪಿತು. ಗುರುವಾರ ಅಂದ; ಮಂಗಳವಾರ.
ಇರಲಿ. ವಾರ ಗೊತ್ತಿಲ್ಲದವನಿಗೂ
ಏನು ಬೇಡ ಎನ್ನುವುದು ಗೊತ್ತಿರಬಹುದು.
‘ನನ್ನ ರೀಟಾಗೆ ಒಂಬತ್ತು ತಿಂಗಳು ಮೂಗಿನಲ್ಲಿ ಕೊಳವೆ.
ಒಂದು ಜೀವ ಬರೋದಕ್ಕೆ ಹಿಡಿಯೋ ಅಷ್ಟು ಕಾಲ
ಅವಳು ಹೋಗೋದಕ್ಕೆ ಹಿಡಿಯಿತು.
ಯಾರೂ ಅವಳನ್ನ ಕೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.’

ಬದುಕಿಬಿಡಲೂಬಹುದು, ಅಂದೆ. ಕೆಲವರು ಎದ್ದು ಓಡಾಡುತ್ತಾರೆ.
ಅದನ್ನೂ ಹೇಳಬೇಕಿತ್ತು ನಾನು.
ಸುಮ್ಮನಾದ. ಚಹಾ ಆರಿತು.
ಇನ್ನೊಮ್ಮೆ ಕೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದ:
‘ಮುಳ್ಳು ನಿಲ್ಲೋ ಮುಂಚೆ ತೂಕ ಓದಬಾರದು.’
ನಲವತ್ತು ವರ್ಷ ಮೀನಿನ ಮುಳ್ಳು ಚುಚ್ಚಿಸಿಕೊಂಡ ಬೆರಳು
ಮೇಜಿನಂಚನ್ನು ಸವರುತ್ತಲೇ ಇತ್ತು.
ಗೋಡೆಯ ಮುಳ್ಳು ಆರು ದಾಟಿತು.

ಆಮೇಲೆ ಅವನೇ ಕೇಳಿದ:
‘ಮಧ್ಯಾಹ್ನದವನು ಅಂತ ಒಬ್ಬ ಇದ್ದಾನಂತೆ ಇಲ್ಲಿ.
ನನ್ನದೇ ಚಪ್ಪಲಿ ಹಾಕಿಕೊಳ್ಳುತ್ತಾನೆ.
ಕಸ್ಟರ್ಡ್ ಅಂದರೆ ಪ್ರಾಣವಂತೆ. ಸುಖವಾಗಿದ್ದಾನಂತೆ.
ಅವನ ಹೆಸರಲ್ಲಿ ನಾನು ಬೇಡ ಅನ್ನಬಹುದಾ?’

ಇದಕ್ಕೆ ನಮೂನೆಯಲ್ಲಿ ಚೌಕವಿಲ್ಲ.
ಕಾನೂನು ಹೌದು ಅನ್ನುತ್ತದೆ, ಅಂದೆ.
‘ಕಾನೂನು ಬಿಡಿ. ನೀವು?’
ಅಲ್ಲಿಯವರೆಗೆ ಆ ಕೋಣೆಯಲ್ಲಿ
ನನ್ನನ್ನು ಯಾರೂ ತಟ್ಟೆಗೆ ಹಾಕಿರಲಿಲ್ಲ.
ಗೊತ್ತಿಲ್ಲ, ಅಂದೆ.
‘ಸರಿಯಾದ ತೂಕ,’ ಅಂದ.

ಬರೆದೆವು. ಒಂದು ವಾಕ್ಯ ಇರಲೇಬೇಕು, ಇಲ್ಲದಿದ್ದರೆ ಕಾಗದ ಬರೀ ಕಾಗದ:
‘ನನ್ನ ಜೀವಕ್ಕೆ ಅಪಾಯ ಇದ್ದರೂ.’
ಎರಡು ಸಲ ಓದಿದ, ಬಾಯಲ್ಲಿ ಹೊರಳಿಸಿ.
‘ಬೇಡ ಅನ್ನೋದು ಹಗುರ.
ಭಾರವೆಲ್ಲ ಈ ಇದ್ದರೂನಲ್ಲಿದೆ.’
ಕೆಳಗೆ ತನ್ನ ಕೈಯಲ್ಲೇ ಇನ್ನೊಂದು ಸಾಲು:
‘ಮಧ್ಯಾಹ್ನದವನು ಚಮಚ ಕಂಡು ಬಾಯಿ ತೆರೆದರೆ ಕೊಡಿ.
ತೆರೆಯದಿದ್ದರೆ ದವಡೆ ಒತ್ತಬೇಡಿ.’

ಸಾಕ್ಷಿಗೆ ಪಕ್ಕದ ಮನೆಯ ಲಿಥುವೇನಿಯದ ಹುಡುಗ ಡೈನಿಯಸ್,
ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದವನು.
ಸಿರಿಲ್ ಮೂಗೆತ್ತಿ, ‘ಹ್ಯಾಡಕ್. ನಿನ್ನೆಯದು.’
ಹುಡುಗ ನಕ್ಕ. ಸರಿಯಾಗಿತ್ತು.

ತಾರೀಖಿನ ಪಕ್ಕ ‘ಗುರುವಾರ’ ಅಂತ ಬರೆದುಬಿಟ್ಟ.
ಅಡ್ಡಗೆರೆ ಎಳೆದು ಮಂಗಳವಾರ ಮಾಡಿದೆವು,
ತಿದ್ದಿದ ಕಡೆ ಮೂವರೂ
ಚಿಕ್ಕದಾಗಿ ಸಹಿ ಹಾಕಿದೆವು.