ಲಗ್ನಪತ್ರಿಕೆಯ ಹಿಂಬದಿ

ಫೋನು ಹೇಳುತ್ತದೆ: ದಾವಣಗೆರೆಯಿಂದ ದುರ್ಗಕ್ಕೆ
ಅರವತ್ತು ಕಿಲೋಮೀಟರು, ಒಂದು ನೀಲಿ ಗೆರೆ,
ಅಳತೆಪಟ್ಟಿ ಇಟ್ಟು ಎಳೆದ ಹಾಗೆ.
ಆ ಗೆರೆಯ ಮೇಲೆ ರಾತ್ರಿಯಿಡೀ ಲಾರಿಗಳು.
ನನಗದು ಬೇಡ.

ಪ್ರೆಸ್ಸಿನ ಬಾಗಿಲು ಅರ್ಧ ಎಳೆದು
ಕೆಟ್ಟ ಪ್ರತಿಗಳ ಕಟ್ಟಿನಿಂದ ಒಂದು ಲಗ್ನಪತ್ರಿಕೆ ತೆಗೆದು ಮಗುಚಿದೆ.
ಮುಂದೆ ಗಣಪತಿ,
ಹಳದಿ ಕೊಂಚ ಹೆಚ್ಚಾಗಿ ಕಾಮಾಲೆ ಹಿಡಿದವನು.
ಹಿಂದೆ ಬಿಳಿ.

ಹತ್ತೊಂಬತ್ತು ವರ್ಷ ಮಂಡಿಪೇಟೆಯ ಈ ಕುರ್ಚಿಯಲ್ಲಿ ಕೂತು
ಊರುಗಳನ್ನು ಟೈಪು ಮಾಡಿದ್ದೇನೆ.
ಸಂತೇಬೆನ್ನೂರಿನಿಂದ ಎಂಟು ಕಿ.ಮೀ., ಬಸ್ಸಿನ ಸೌಕರ್ಯವಿದೆ.
ಕೆರೆ ಏರಿ ದಾಟಿ ಎಡಕ್ಕೆ.
ವಧುವಿನ ಮನೆ ಹಾಲಿನ ಡೇರಿ ಪಕ್ಕ.
ಯಾವ ಊರಿಗೆ ಎಷ್ಟು ಕೊಂಬು, ಎಲ್ಲಿ ದೀರ್ಘ,
ಬೆರಳಿಗೆ ಗೊತ್ತು.
ಕಾಲಿಗೆ ಗೊತ್ತಿಲ್ಲ.

ಆಷಾಢದಲ್ಲಿ ಲಗ್ನವಿಲ್ಲ, ಮಷೀನು ತಣ್ಣಗಿರುತ್ತದೆ.
ಆಗಲೇ ಹೋಗಬೇಕು. ಎರಡು ದಿನ, ನೂರಿಪ್ಪತ್ತು ಚಿಲ್ಲರೆ.
ಗಾಳಿ ಪಡುವಣದ್ದು: ಮೊದಲು ಎದೆಗೆ ಗುದ್ದಿ,
ಹೊಳಲ್ಕೆರೆಯಾಚೆ ಬೆನ್ನಿಗೆ ಕೈ ಇಡುತ್ತದೆ.

ಸೈಕಲ್ಲು ರಿಪೇರಿಯ ದಸ್ತಗೀರಣ್ಣ ಪತ್ರಿಕೆಯ ಮೇಲೆ
ಗ್ರೀಸಿನ ಹೆಬ್ಬೆಟ್ಟು ಒತ್ತಿದ. (ಈಗ ಅದೇ ಹದಡಿ.)
"ನಾಲೆ ಏರಿ ಹಿಡೀರಿ ಅಕ್ಕಾ.
ನೀರು ಎದುರಿಗೆ ಬಂತು ಅಂದ್ರೆ ನೀವು ಏರ್ತಾ ಇದೀರಿ ಅಂತ.
ಕಣ್ಣಿಗೆ ಗೊತ್ತಾಗಲ್ಲ, ಮೊಣಕಾಲಿಗೆ ಗೊತ್ತಾಗ್ತೈತಿ.
ಆಷಾಢ ಚಲೋ ಬಿಡ್ರಿ. ಸುಗ್ಗಿಯಾಗೆ ಹೋದ್ರೆ
ರಸ್ತೆ ತುಂಬ ಹುರುಳಿ ಹಾಸಿರ್ತಾರೆ.
ಬಸ್ಸು ಹರಿದ್ರೆ ಕಾಳು ಉದುರ್ತೈತಿ,
ನಿಮ್ಮ ಗಾಲಿಗೆ ಉದುರೋದು ಬರೀ ಬೈಗುಳ."

ಕಟಿಂಗ್ ಮಷೀನಿನ ಹಾಲೇಶನ ಕೊಡುಗೆ ಒಂದು ನಾಯಿ.
ಅವನ ಅತ್ತೆಮನೆ ಊರಿನದು, ಕಂದು, ಎಡಗಿವಿ ಹರಿದಿದೆ.
ಇಳಿದು ತಳ್ಳಿಕೊಂಡು ಹೋದರೆ ಮೂಸಿ ಬಿಡುತ್ತದಂತೆ;
ಸೈಕಲ್ಲಿನ ಮೇಲಿರುವುದು ಮನುಷ್ಯ ಎಂದು ಅದಕ್ಕೆ ಯಾರೂ ಹೇಳಿಲ್ಲ.
ಸೂಳೆಕೆರೆಗೆ ಮೊದಲು, ಅಂಚಿನಲ್ಲಿ,
ಒಂದು ನಾಯಿ ಬರೆದೆ. ಹಸುವಿನ ಹಾಗೆ ಬಂತು.

ಇಲ್ಲಿಂದ ಗೆರೆ ನೆಟ್ಟಗೆ ಹೋಗಬಹುದು.
ನಾನು ಬಲಕ್ಕೆ ಬಗ್ಗಿಸುತ್ತೇನೆ, ಒಂಬತ್ತು ಕಿಲೋಮೀಟರು ಹೆಚ್ಚು.
ಯಾಕೆ ಎಂದರೆ, ಗುಡ್ಡದ ಗಾಳಿಯಂತ್ರಗಳು ಚೆಂದ ಕಾಣುತ್ತವೆ ಅನ್ನುತ್ತೇನೆ.
ಕಾಣಬಹುದು.
ಅದಲ್ಲ.

ಒಂದು ಮೇ ತಿಂಗಳು, ಒಂದೇ ವಾರಕ್ಕೆ ನಲವತ್ತು ಲಗ್ನ,
ಕರೆಂಟು ಹೋಗಿ ಬಂದು ಹೋಗಿ,
ಚಿಕ್ಕಮರಡಿ ಎಂದಿರಬೇಕಾದಲ್ಲಿ
ಹಿರೇಮರಡಿ ಎಂದು ಹೊಡೆದೆ.
ಎರಡು ಟ್ರ್ಯಾಕ್ಟರು, ಒಂದು ಟೆಂಪೋ ತುಂಬ ಬೀಗರು
ಮದುವೆಯೇ ಇಲ್ಲದ ಊರಿನಲ್ಲಿ ಇಳಿದರು.
ಹಿರೇಮರಡಿಯವರು ನಕ್ಕು, ಉಪ್ಪಿಟ್ಟು ಕೆದಕಿ, ಬಡಿಸಿ, ದಾರಿ ತೋರಿದರಂತೆ.
ಅಷ್ಟರಲ್ಲಿ ಅಲ್ಲಿ ಅಕ್ಕಿಕಾಳು ಬಿದ್ದಾಗಿತ್ತಂತೆ.
ವಧುವಿನ ಸೋದರಮಾವ ಪ್ರೆಸ್ಸಿಗೆ ಬಂದ. ಬೈಯಲಿಲ್ಲ.
ಪತ್ರಿಕೆಯನ್ನು ನನ್ನ ಮುಂದಿಟ್ಟು
ಒಂದು ಲೋಟ ನೀರು ಕುಡಿದು ಹೋದ.

ಎರಡು ಊರಿನ ನಡುವೆ ಎಷ್ಟು ದೂರ?
ನನ್ನ ಕೀಲಿಮಣೆಯಲ್ಲಿ ನಾಲ್ಕು ಬೆರಳು.
ನೆಲದ ಮೇಲೆ ಏರೋ, ಇಳಿಜಾರೋ,
ನಡುವೆ ಒಂದಾದರೂ ಬೇವಿನ ಮರವಿದೆಯೋ,
ಮೇ ತಿಂಗಳ ಹತ್ತೂವರೆ ಬಿಸಿಲಿಗೆ
ರೇಷ್ಮೆ ಸೀರೆಯುಟ್ಟು ಕೂಸನ್ನೆತ್ತಿಕೊಂಡವಳಿಗೆ ಎಷ್ಟು ಹೊತ್ತೋ,
ತುಳಿದು ನೋಡಬೇಕು.

ಆಮೇಲೆ ಭೀಮಸಮುದ್ರ. ಟೀ. ಸಾಧ್ಯವಾದರೆ ಕೆರೆ ನೋಡುತ್ತ.

ಕರಡು ತಿದ್ದುವಾಗ ಮಾಡುವಂತೆ
ದಾರಿಯನ್ನು ಕೊನೆಯಿಂದ ಮೊದಲಿಗೆ ಓದಿದೆ:
ಹೀಗೆ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ತಪ್ಪು ಮಾತ್ರ ಕಾಣುತ್ತದೆ.
ಕಂಡದ್ದು ಒಂದೇ. ದುರ್ಗಕ್ಕೆ ಜಾಗ ಉಳಿದಿರಲಿಲ್ಲ.
ನಾಯಿ ಬಹಳ ಜಾಗ ತಿಂದಿತ್ತು.

ಪತ್ರಿಕೆ ತಿರುಗಿಸಿದೆ.
ಕಾಮಾಲೆಯ ಗಣಪತಿ, ಯಾರದೋ ಸುಮುಹೂರ್ತ,
ಅದರ ಕೆಳಗೆ 'ತಮ್ಮ ಆಗಮನಾಭಿಲಾಷಿಗಳು',
ಅದರ ಕೆಳಗೆ, ಹೆಸರು ಅಚ್ಚಾಗದೆ ಉಳಿದ ಎರಡು ಬೆರಳಗಲದ ಖಾಲಿ.
ಅಲ್ಲಿ ಪೆನ್ನಿನಿಂದ ಬರೆದೆ: ದುರ್ಗ.
ಮತ್ತೆ ಹಿಂಬದಿಗೆ ಬಂದು,
ಚಿಕ್ಕ ಎಂದೇ ಬರೆದಿದ್ದೇನೆಯೇ,
ಇನ್ನೊಂದು ಸಲ ನೋಡಿದೆ.