ಕೋಟಿನ ಅಂಚು

ಬೊನೇರ್ ದ್ವೀಪಕ್ಕೆ ಚಳಿಗಾಲ ಬರುವುದು
ವಿಮಾನದಲ್ಲಿ.
ಜನವರಿಯ ಶನಿವಾರ, ಮಧ್ಯಾಹ್ನ ಎರಡೂವರೆಗೆ,
ಬಂದವರ ತೋಳಿನ ಮೇಲೆ ಮಡಚಿಕೊಂಡು,
ಮೆಟ್ಟಿಲಿಳಿಯುವಷ್ಟರಲ್ಲೇ ಬೆವೆತು.

ಆಮೇಲೆ ಹತ್ತು ದಿನ
ಏಳನೇ ನಂಬರಿನ ಕೋಣೆಯ ಕಪಾಟಿನಲ್ಲಿ,
ಕತ್ತಲಲ್ಲಿ, ನೇತುಬಿದ್ದಿರುತ್ತದೆ,
ಅಂಗಡಿಯ ಹೊರಗೆ ಕಟ್ಟಿಹಾಕಿ ಹೋದ ನಾಯಿಯ ಹಾಗೆ
ಬಾಗಿಲಿನತ್ತ ಕಿವಿಯಿಟ್ಟು.
ಒಡೆಯರು ಕಡಲಲ್ಲಿ.

ಒಂಬತ್ತಕ್ಕೆ ನಿಲ್ವಾ ಬಂದು ಬಾಗಿಲು ತಟ್ಟುತ್ತಾಳೆ.
ಬೋನ್ ದಿಯಾ.
ಉತ್ತರವಿಲ್ಲ. ಒಳಗೆ
ಹಾಸಿಗೆಯಲ್ಲಿ ಮರಳು, ಬಚ್ಚಲಲ್ಲಿ ಮರಳು,
ತೆಂಗು ಕಾಣದ ಬಾಟಲಿಯಿಂದ ತೆಂಗಿನ ವಾಸನೆ,
ಮೇಜಿನ ಮೇಲೆ ಅರ್ಧ ಬರೆದ ಕಾರ್ಡು,
ಮೂರು ಸಾಲಿಗೆ ಸ್ವರ್ಗ ಮುಗಿದು
ಪೆನ್ನು ಅಡ್ಡ ಮಲಗಿದೆ.

ಒದ್ದೆ ಟವೆಲು ಬಾಚಿ, ಅಂಗಿ ಮಡಚಿ,
ಕಪಾಟು ತೆರೆದರೆ ಕೋಟು:
ಬೂದು ಉಣ್ಣೆ, ಅವಳ ಮೊಮ್ಮಗನಿಗಿಂತ ಭಾರ.
ಕೆಳಗೆ, ಅಂಚಿನುದ್ದಕ್ಕೂ,
ಏರಿ ಇಳಿದು ಹೋದ ಒಂದು ಬಿಳಿಯ ಗೆರೆ,
ತೆರೆ ಹಿಂದಕ್ಕೆ ಸರಿದಾಗ
ದಂಡೆಯ ಮೇಲೆ ಉಳಿಯುತ್ತದಲ್ಲ, ಹಾಗೆ.

ಬೂಷ್ಟು, ಅಂದುಕೊಂಡಳು.
ಉಗುರಿನಿಂದ ಕೆರೆದಳು.
ಯಾರೂ ಇಲ್ಲವೆಂದು ನೋಡಿ
ನಾಲಿಗೆಗಿಟ್ಟಳು.

ಉಪ್ಪು.

ದಕ್ಷಿಣದ ತುದಿಯಲ್ಲಿ ಗುಲಾಬಿ ನೀರಿನ ಗದ್ದೆಗಳು,
ಬಿಸಿಲು ಕುಡಿದು ಬಿಟ್ಟ ಬಿಳಿಯ ಗುಡ್ಡಗಳು.
ಗಂಡ ರಿಗ್ನಾಲ್ಡ್ ಇಪ್ಪತ್ತಾರು ವರ್ಷದಿಂದ
ಆ ಗುಡ್ಡಗಳನ್ನು ಪಟ್ಟಿಯ ಮೇಲೆ ಹರಿಸಿ
ಹಡಗಿನ ಹೊಟ್ಟೆ ತುಂಬಿಸುತ್ತಾನೆ.
ಎಲ್ಲಿಗೆ ಹೋಗುತ್ತದೆ ಇಷ್ಟೊಂದು, ಎಂದು
ಮದುವೆಯಾದ ಹೊಸತರಲ್ಲಿ ಕೇಳಿದ್ದಳು.
ಉತ್ತರಕ್ಕೆ. ಹಿಮ ಬಿದ್ದ ರಸ್ತೆಗೆ ಚೆಲ್ಲುತ್ತಾರೆ.
ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಅವಳಿಗೆ:
ರಸ್ತೆಗೆ ಉಪ್ಪೇ!
ಉಣ್ಣುವವರು ಯಾರು ಆ ರಸ್ತೆಯನ್ನು?

ಗುಡ್ಡಗಳಾಚೆ, ಕಡಲಿಗೆ ಮುಖ ಮಾಡಿ,
ಸಾಲಾಗಿ ಕಲ್ಲಿನ ಗೂಡುಗಳು,
ಸೊಂಟದೆತ್ತರಕ್ಕೆ ಬಾಗಿಲು.
ರಜೆಗೆ ಬಂದವರು ಬಗ್ಗಿ ಒಳಹೊಕ್ಕು,
ಬಗ್ಗಿ ಹೊರಬಂದು,
ಫೋಟೋ ತೆಗೆದುಕೊಂಡು
ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಒಳ್ಳೆಯವರು.
ನಿಲ್ವಾಳ ಅಜ್ಜಿಯ ಅಜ್ಜಿ ಅಲ್ಲಿ
ಮಂಡಿಗೆ ಗದ್ದ ಊರಿ ಮಲಗುತ್ತಿದ್ದಳಂತೆ,
ಅಂಗಾಲ ಬಿರುಕಿನಲ್ಲಿ ಹಗಲಿನ ಉಪ್ಪು ಉರಿಯುತ್ತ.
ವಾರಕ್ಕೊಮ್ಮೆ ರಿಂಕೋನಿಗೆ ನಡೆದು
ಮಕ್ಕಳ ಮುಖ ನೋಡಿ,
ಮತ್ತೆ ಅಷ್ಟೇ ದೂರ ನಡೆದು ವಾಪಸು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಬಾಚಿದವರು?

ಕೋಟು ತೊಟ್ಟಳು ನಿಲ್ವಾ.
ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.
ಏಸಿಯನ್ನು ಹದಿನಾರಕ್ಕಿಳಿಸಿ
ಕನ್ನಡಿಯ ಮುಂದೆ ನಿಂತಳು.
ಜೇಬಿನಲ್ಲಿ ಒಂದೇ ಕೈಗವಸು,
ಕೆಮ್ಮಿನ ಮಿಠಾಯಿ, ಪಾರ್ಕಿಂಗ್ ಚೀಟಿ.
ಬೆನ್ನ ಹಿಂದೆ ಕಿಟಕಿ ತುಂಬ ನೀಲಿ.
ಚಳಿಗಾಲ ಅಂದರೆ ಇಷ್ಟೇ ಏನೋ,
ಹೆಗಲ ಮೇಲೆ ಯಾರೋ ಕೈಯಿಟ್ಟು
ತೆಗೆಯದೇ ಇರುವುದು.

ಬಾಗಿಲು ಸದ್ದಾಯಿತು.
ಮರೆತ ಕನ್ನಡಕಕ್ಕಾಗಿ ಬಂದ ಹೆಂಗಸು,
ಒದ್ದೆ ಕೂದಲು, ಬರಿಗಾಲು,
ನೆಲದ ಮೇಲೆ ತೊಟ್ಟಿಕ್ಕುತ್ತಿರುವ ಕಡಲು.
ಇಬ್ಬರೂ ನಿಂತರು:
ಒಬ್ಬಳ ಮೈಮೇಲೆ ಇನ್ನೊಬ್ಬಳ ಊರಿನ ಹವೆ.

ನಿಲ್ವಾ ತಡವರಿಸಿ ಅಂಚು ತೋರಿಸಿದಳು.
ಹೆಂಗಸಿಗೇ ನಾಚಿಕೆಯಾಯಿತು.
ಅಯ್ಯೋ, ಕ್ಷಮಿಸಿ, ಗಲೀಜು,
ನಮ್ಮ ಕಡೆ ರಸ್ತೆಗೆ ಉಪ್ಪು ಸುರಿಯುತ್ತಾರೆ,
ಏನು ಮಾಡಿದರೂ ಹೋಗುವುದಿಲ್ಲ.

ಹೌದು, ಅಂದಳು ನಿಲ್ವಾ.
ಹೋಗುವುದಿಲ್ಲ.

ಇಪ್ಪತ್ತು ಡಾಲರು ದಿಂಬಿನ ಮೇಲಿಟ್ಟು
ಕೋಟು ಮಂಗಳವಾರ ಹೊರಟಿತು.
ಬೆಳಿಗ್ಗೆಯೇ ಬಂದರು ಬಿಟ್ಟ ಹಡಗನ್ನು
ಮೋಡದ ಮೇಲಿಂದ ಅದು ಹಿಂದಿಕ್ಕಿರಬೇಕು.

ಸಂಜೆ ಹೊಸ್ತಿಲಲ್ಲಿ
ರಿಗ್ನಾಲ್ಡ್ ಬೂಟುಗಳನ್ನು ಒಂದಕ್ಕೊಂದು ಬಡಿಯುತ್ತಾನೆ.
ಬಿಳಿಯ ಪುಡಿ, ಗಾಳಿಗೆ, ಅಂಗಳದ ಮೇಕೆಯ ಕಡೆಗೆ.
ಮೀನಿನ ಸಾರು. ಎರಡು ತಟ್ಟೆ.
ಹೇಗಿದೆ?
ಚೆನ್ನಾಗಿದೆ, ಅನ್ನುತ್ತಾನೆ, ಉಪ್ಪು ಮಾತ್ರ
ಒಂದು ಚಿಟಿಕೆ ಕಡಿಮೆ.